ಒಂದು ಮೊಳ ಆಚೆ ಬೀಳುವ ಚೆಂಡು

ಆಗ ನನಗೆ ಅರವತ್ತೇಳು. ಅದಾಗಿ ಮೂರು ವರ್ಷ ತುಂಬಿತು. ವಯಸ್ಸಾದ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಹೆಚ್ಚಾಯಿತು. ವಯಸ್ಸಿದ್ದಾಗ ಹೊಟ್ಟೆಕಿಚ್ಚು ಪಡಲಿಕ್ಕೂ ಪುರುಸೊತ್ತು ಇರಲಿಲ್ಲ. ಅರವತ್ತೇಳಕ್ಕೆ ಪುರುಸೊತ್ತು ಬಂತು, ಹಿಂದೆಯೇ ಇದೂ ಬಂತು.

ನಾನು ಕಿಚ್ಚು ಪಟ್ಟದ್ದು ಮಳವಳ್ಳಿಯ ಒಂದು ಹೈಸ್ಕೂಲಿನ ಆಟದ ಮಿಸ್ಸಿನ ಮೇಲೆ. ಇಪ್ಪತ್ತಾರು, ಇಪ್ಪತ್ತೇಳು ವಯಸ್ಸಿನ ಹುಡುಗಿ. ಬ್ಲಫ್ ಎಂಬ ಊರಿನ ಕಡೆಯವಳು, ಅವಳಪ್ಪ ಅಲ್ಲಿ ಕರೆಂಟು ತೆಗೆಯುವ ಸ್ಟೇಷನ್ನಿನಲ್ಲಿ ಕೆಲಸದಲ್ಲಿದ್ದವನು. ಅವಳು ನನಗೆ ಒಂದು ಕೆಟ್ಟ ಮಾತು ಆಡಿದವಳಲ್ಲ. ನನ್ನ ಮೊಮ್ಮಗಳಿಗೆ ಚೆಂಡು ಎಸೆಯುವುದನ್ನು ಕಲಿಸಿದಳು, ಅಷ್ಟೇ. ನನಗೆ ಅದೇ ಸಾಕಾಯಿತು.

ನಮ್ಮೂರು ಮಳವಳ್ಳಿಯಿಂದ ಕಿರುಗಾವಲಿಗೆ ಹೋಗುವ ರಸ್ತೆಯಲ್ಲಿದೆ, ನಾಲೆಯ ಕೆಳಗೆ. ಮಗ ಟೆಂಪೋ ಓಡಿಸುತ್ತಾನೆ. ಸೊಸೆ ಮದ್ದೂರಿನ ಹತ್ತಿರ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಬೆಳಗ್ಗೆ ಆರೂವರೆಗೆ ವ್ಯಾನು ಹತ್ತಿದರೆ ಬರುವುದು ದೀಪ ಹಚ್ಚಿದ ಮೇಲೆ. ಹಾಗಾಗಿ ಮೊಮ್ಮಗಳನ್ನು ಸಾಕಿದವಳು ನಾನು. ತಲೆ ಬಾಚಿದ್ದು, ಹೇನು ತೆಗೆದದ್ದು, ಬೈದದ್ದು, ಹೊಡೆದದ್ದು ಎಲ್ಲಾ ನಾನೇ. ಅವಳು ಆಗ ಎಂಟನೇ ಕ್ಲಾಸು, ಹದಿಮೂರು ವರ್ಷ. ಒಂದು ಸಾಯಂಕಾಲ ಸ್ಕೂಲಿಂದ ಬಂದವಳು ಚೀಲದಿಂದ ಕಂದು ಬಣ್ಣದ್ದೊಂದನ್ನು ತೆಗೆದು ಜಗುಲಿಯ ಮೇಲಿಟ್ಟಳು.

"ಏನ್ಲೇ ಅದು, ಅಲಸಿನ ಮಿಡಿ ಇದ್ದಂಗದೆ?"

"ಚೆಂಡು ಕಣಜ್ಜಿ."

"ಗುಂಡಗಿಲ್ದೆ ಇರಾದು ಎಂಥ ಚೆಂಡ್ಲೇ?"

"ಇದು ಇಂಗೇ ಇರಾದು. ಅಮೆರಿಕದ ಫುಟ್ಬಾಲು."

"ಇದ್ನ ಒದ್ರೆ ಎತ್ಲಾಗೋ ಓಯ್ತದಲ್ಲೇ."

"ಒದಿಯಂಗಿಲ್ಲ. ಎಸಿಯಾದು. ನಾನು ಕ್ವಾರ್ಟರ್‌ಬ್ಯಾಕು."

"ಅಂಗಂದ್ರೆ?"

"ಎಲ್ರೂ ಓಡ್ತಾರೆ. ನಾನೊಬ್ಳು ಇಂದೆ ನಿಂತ್ಕಂಡು ನೋಡಿ, ಯಾರಿಗೆ ಎಸಿಬೇಕೋ ಅವ್ರಿಗೆ ಎಸಿಯಾದು."

ನಾನು ಒರಳಿನ ಹತ್ತಿರ ಕೂತಿದ್ದವಳು ಎದ್ದು ಬಂದು ಆ ಚೆಂಡನ್ನು ಕೈಗೆ ತೆಗೆದುಕೊಂಡೆ. ಹೇಳಿಬಿಡುತ್ತೇನೆ, ಆ ಕೆಲಸ ನನ್ನದಾಗಿತ್ತು. ಚೆಂಡಲ್ಲ, ಪೈರಿನ ಕಟ್ಟು.

ಯಂತ್ರ ಬರುವ ಮೊದಲು ನಾಟಿ ಹೇಗೆ ನಡೆಯುತ್ತಿತ್ತು ಎಂದು ಈಗಿನವರಿಗೆ ಒಂದು ಮಾತಲ್ಲಿ ಹೇಳಬೇಕು. ಹೆಂಗಸರು ಕೆಸರಿನಲ್ಲಿ ಸಾಲಾಗಿ ಬಗ್ಗಿ ನಿಂತು, ಹಿಂದಕ್ಕೆ ಹೆಜ್ಜೆಯಿಡುತ್ತಾ ಪೈರು ನೆಡುತ್ತಾರೆ. ಕೈಯಲ್ಲಿರುವ ಕಟ್ಟು ಮುಗಿಯುವ ಹೊತ್ತಿಗೆ ಇನ್ನೊಂದು ಕಟ್ಟು ಅವರ ಬೆನ್ನ ಹಿಂದೆ ಕೈಗೆಟುಕುವಂತೆ ಬಿದ್ದಿರಬೇಕು. ತೆವರಿಯ, ಅಂದರೆ ಗದ್ದೆಯ ಬದುವಿನ ಮೇಲೆ ನಿಂತು ಅದನ್ನು ಎಸೆಯುವವರು ಒಬ್ಬರು. ಈಗ ಅವಳು ಎಲ್ಲಿದ್ದಾಳೋ ಅಲ್ಲಿಗಲ್ಲ, ಇನ್ನೊಂದು ಗಳಿಗೆಗೆ ಎಲ್ಲಿಗೆ ಬರುತ್ತಾಳೋ ಅಲ್ಲಿಗೆ ಎಸೆಯಬೇಕು. ಬೇರು ಕೆಳಗಾಗಿ ಬೀಳಬೇಕು, ಕೆಸರು ಯಾರ ಮುಖಕ್ಕೂ ಹಾರಬಾರದು. ಗಂಡಸರ ಕೆಲಸ ಅದು. ನಮ್ಮೂರಲ್ಲಿ ಆ ಕೆಲಸ ಮಾಡಿದ ಹೆಂಗಸು ನಾನೊಬ್ಬಳೇ. ಗಂಡ ಜ್ವರ ಬಂದು ಮಲಗಿದ್ದ ವರ್ಷ ಕೈಗೆತ್ತಿಕೊಂಡೆ, ಆಮೇಲೆ ಬಿಡಲಿಲ್ಲ. ಬೇರೆ ಊರಿನವರೂ ಕರೆಯುತ್ತಿದ್ದರು.

ಅದಕ್ಕೊಂದು ಕಟ್ಟಳೆ ಇತ್ತು. ಎಸೆದ ಕಟ್ಟು ನೆಡುವವಳ ಮೈಗೆ ತಾಕಿದರೆ ಎಸೆದವರು ಗದ್ದೆಗಿಳಿದು ಅವಳ ಸಾಲನ್ನು ತುದಿ ಮುಟ್ಟಿಸಬೇಕು. ಅವಳು ತೆವರಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು ಆಡಿಕೊಳ್ಳುತ್ತಾಳೆ. "ಸರ್ಯಾಗಿ ಬಗ್ಗು ಕಣಮ್ಮಿ, ಸೊಂಟಕ್ಕೇನು ಗಂಜಿ ಆಕಿದ್ದೀಯಾ" ಅನ್ನುತ್ತಾಳೆ. ಅಷ್ಟು ವರ್ಷದಲ್ಲಿ ನಾನು ಹಾಗೆ ಇಳಿದದ್ದು ಎರಡೇ ಸಲ. ಆದ್ದರಿಂದ ನನ್ನ ಕೈಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತ್ತು, ಮೈಯಿಂದ ಒಂದು ಮೊಳ ಆಚೆ. ಕಣ್ಣು ಮುಚ್ಚಿ ಎಸೆದರೂ ಒಂದು ಮೊಳ ಆಚೆಗೇ ಬೀಳುತ್ತಿತ್ತು.

ಆಮೇಲೆ ನಾಟಿ ಯಂತ್ರ ಬಂತು. ಅದು ಟ್ರೇನಲ್ಲಿ ಪೈರು ಹೊತ್ತುಕೊಂಡು ತಾನೇ ನೆಡುತ್ತಾ ಹೋಗುತ್ತದೆ. ಎಸೆಯುವವರು ಬೇಕಿಲ್ಲ. ನನ್ನನ್ನು ಯಾರೂ ಕರೆಯುವುದಿಲ್ಲ.

ಹೀಗಿರುವಾಗ ಮೊಮ್ಮಗಳು ಬಂದು ತಾನು ಎಸೆಯುವವಳು ಎಂದಳು. ನನಗೆ ಸಂತೋಷವಾಗಬೇಕಿತ್ತು. ಒಂದು ಗಳಿಗೆ ಆಯಿತು ಕೂಡ. ಆಮೇಲೆ ಅವಳು, "ಅಂಗೆ ಇಡ್ಕೋಬಾರ್ದು ಕಣಜ್ಜಿ, ಮಿಸ್ಸು ಹೊಲಿಗೆ ಮ್ಯಾಲೆ ಬೆರಳಿಡಬೇಕು ಅಂತಾರೆ" ಎಂದು ನನ್ನ ಕೈಯಿಂದ ಚೆಂಡು ಕಿತ್ತುಕೊಂಡಳು.

ಅವತ್ತಿನಿಂದ ಮಿಸ್ಸು ಶುರುವಾಯಿತು. ಉಣ್ಣಲು ಕೂತರೆ ಮಿಸ್ಸು, ಏಳುವಾಗ ಮಿಸ್ಸು. ಒಂದು ಸಲ ಎಣಿಸಿದೆ, ಒಂದು ಮುದ್ದೆ ಮುಗಿಯುವುದರೊಳಗೆ ಒಂಬತ್ತು ಸಲ. ಮಿಸ್ಸು ದಿನಾ ಮೊಟ್ಟೆ ತಿನ್ನಬೇಕು ಅಂದರು. ಮಿಸ್ಸು ಉಗುರು ಬೆಳೆಸಬಾರದು ಅಂದರು. ನಾನು ಐದು ವರ್ಷದಿಂದ ಉಗುರು ಕತ್ತರಿಸು ಎಂದು ಬಾಯಿ ಬಡಿದುಕೊಂಡಿದ್ದೆ, ಒಂದು ದಿನ ಕೇಳಿದವಳಲ್ಲ. ಮಿಸ್ಸು ಒಂದು ಸಲ ಹೇಳಿದ್ದಕ್ಕೆ ಹತ್ತೂ ಬೆರಳು ಕತ್ತರಿಸಿಕೊಂಡು ಬಂದು ನನಗೇ ತೋರಿಸಿದಳು.

ಆ ಮಿಸ್ಸು ಎಂಥವಳೆಂದು ನೋಡಬೇಕೆನಿಸಿತು. ಬಿಪಿ ಮಾತ್ರೆ ತರುವ ನೆಪದಲ್ಲಿ ಮಳವಳ್ಳಿಗೆ ಹೋಗಿ, ಸ್ಕೂಲಿನ ಮೈದಾನದ ಅಂಚಿನಲ್ಲಿ ಹೊಂಗೆಮರದ ಕೆಳಗೆ ನಿಂತೆ. ಹತ್ತು ಹದಿನೈದು ಹುಡುಗಿಯರಿದ್ದರು. ಎಲ್ಲರ ಸೊಂಟಕ್ಕೂ ಎರಡು ಕಡೆ ಬಣ್ಣದ ಪಟ್ಟಿ. ಚೆಂಡು ಹಿಡಿದು ಓಡುವವಳ ಪಟ್ಟಿ ಕಿತ್ತರೆ ಅವಳು ಅಲ್ಲಿಗೇ ನಿಲ್ಲಬೇಕಂತೆ. ಮೈಗೆ ಕೈ ಹಾಕಿ ಬೀಳಿಸುವ ಹಾಗಿಲ್ಲ. ಮಿಸ್ಸು ಟ್ರ್ಯಾಕ್ ಪ್ಯಾಂಟು ಹಾಕಿ, ಕೊರಳಿಗೆ ಪೀಪಿ ನೇತುಹಾಕಿಕೊಂಡಿದ್ದಳು. ಎಸೆಯುವ ಹುಡುಗಿಯರು ಇಬ್ಬರು. ಒಬ್ಬಳು ನನ್ನ ಮೊಮ್ಮಗಳು. ಇನ್ನೊಬ್ಬಳು ಕಿರುಗಾವಲಿನಿಂದ ಬರುವವಳು, ಗಿಡ್ಡ, ಕಪ್ಪು ಕಣ್ಣು, ಬಾಯಿ ಮುಚ್ಚಿಕೊಂಡೇ ಇರುವವಳು.

ಮಿಸ್ಸು ಇಬ್ಬರನ್ನೂ ಒಂದು ಮಂಡಿಯ ಮೇಲೆ ಕೂರಿಸಿ ಚೆಂಡು ಎಸೆಸುತ್ತಿದ್ದಳು. ಕಾಲು ಕಟ್ಟಿಹಾಕಿದರೆ ಕೈಯ ತಪ್ಪು ಕಾಣುತ್ತದಂತೆ. ಕೂತು ಎಸೆಯುವುದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಆಮೇಲೆ ನಿಲ್ಲಿಸಿ, ಮೂರು ಹೆಜ್ಜೆ ಹಿಂದಕ್ಕೆ ಹಾಕಿಸಿ, ಭುಜ ಎತ್ತ ಕಡೆ ತಿರುಗಿರಬೇಕು, ಎಸೆದ ಮೇಲೆ ಕೈ ಎದುರಿನ ಜೇಬಿನತ್ತ ಹೇಗೆ ಇಳಿಯಬೇಕು ಎಂದು ತೋರಿಸಿದಳು. ನನ್ನ ಮೊಮ್ಮಗಳ ಹಿಂದೆ ನಿಂತು ಅವಳ ಮೊಣಕೈಯನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆತ್ತಿದಳು. ನಾನು ಮುಟ್ಟಿದರೆ ಕೊಸರಿಕೊಳ್ಳುವ ಹುಡುಗಿ ಅಲ್ಲಿ ಮೇಣದ ಗೊಂಬೆಯ ಹಾಗೆ ನಿಂತಿದ್ದಳು.

ಚೆಂಡು ಹೋಯಿತು. ತಿರುಗುತ್ತಾ, ಅಲುಗಾಡದೆ, ಓಡುವವಳ ಎರಡು ಕೈಯೊಳಗೆ ಕೂತಿತು. ಮಿಸ್ಸು ಅವಳ ಬೆನ್ನು ತಟ್ಟಿದಳು. ಮೊಮ್ಮಗಳು ನಕ್ಕಳು. ಆ ನಗುವನ್ನು ನಾನು ಮನೆಯಲ್ಲಿ ನೋಡಿ ಎಷ್ಟು ದಿನವಾಗಿತ್ತೋ.

ಅಷ್ಟರಲ್ಲಿ ಮಿಸ್ಸಿಗೆ ನಾನು ಕಂಡೆ. "ಅಜ್ಜಿ, ಅಲ್ಲಿ ನಿಂತ್ಕೋಬೇಡಿ. ಚೆಂಡು ಬಂದು ಪೆಟ್ಟಾಗುತ್ತೆ. ಈ ಕಡೆ ನೆರಳಲ್ಲಿ ಕೂತ್ಕೊಳ್ಳಿ."

ಒಳ್ಳೆಯ ಮಾತೇ. ಆದರೆ ಎಸೆದದ್ದು ಎಲ್ಲಿ ಬೀಳುತ್ತದೆಂದು ನನಗೆ ಹೇಳಿಕೊಡುವವಳು ಇವಳಾ ಎಂದುಕೊಂಡೆ. ಮಾತ್ರೆಯನ್ನೂ ತೆಗೆದುಕೊಳ್ಳದೆ ಬಸ್ಸು ಹತ್ತಿದೆ.

ಮಾರನೇ ಸಾಯಂಕಾಲ ಮೊಮ್ಮಗಳನ್ನು ಕುಯ್ಲಾದ ಗದ್ದೆಗೆ ಕರೆದುಕೊಂಡು ಹೋದೆ. ಅವಳನ್ನು ತೆವರಿಯ ಮೇಲೆ ನಿಲ್ಲಿಸಿ, ನಾನು ಕೆಳಗಿಳಿದು ನಡೆಯತೊಡಗಿದೆ.

"ಎಸಿ."

"ಎಲ್ಲಿಗಜ್ಜಿ?"

"ನಾನು ಎಲ್ಲಿಗೆ ಬತ್ತೀನೋ ಅಲ್ಲಿಗೆ."

ಮೊದಲನೆಯದು ಬಂದು ನನ್ನ ಭುಜಕ್ಕೆ ಹೊಡೆಯಿತು. ಬೈದೆ. "ಆಳಿನ ಮೈಗೆ ಒಡಿಯಾಕೆ ಎಸಿತೀಯೇನ್ಲೇ? ನಮ್ ಕಾಲ್ದಾಗೆ ಆಗಿದ್ರೆ ಗದ್ದೆಗಿಳ್ಸಿ ಸಾಲು ನೆಡುಸ್ತಿದ್ರು ನಿನ್ನ."

"ಮಿಸ್ಸು ಎದೆಗೇ ಎಸಿ ಅಂತಾರೆ."

"ನಿಮ್ ಮಿಸ್ಸು ಗದ್ದೆಗಿಳ್ದು ಕೆಸರು ತುಳ್ದವ್ಳಾ? ಜಾಗಕ್ಕೆ ಎಸಿ. ಮೈಗೆ ಒಂದು ಮೊಳ ಆಚೆ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಎಸೆದಳು. ಹತ್ತನೆಯದೋ ಹನ್ನೊಂದನೆಯದೋ ಸರಿಯಾಗಿ ಒಂದು ಮೊಳ ಆಚೆ ಬಿತ್ತು. ರಕ್ತದಲ್ಲೇ ಇದೆ ಇವಳಿಗೆ ಎಂದುಕೊಂಡೆ. ಬೆನ್ನು ತಟ್ಟಿದೆ. ನಕ್ಕಳು. ಆ ಹೊತ್ತು ನನಗೆ ಎಷ್ಟು ಹಿತವಾಯಿತೆಂದರೆ, ಅದು ಸರಿಯೋ ತಪ್ಪೋ ಎಂದು ಕೇಳಿಕೊಳ್ಳಲೇ ಇಲ್ಲ.

ದಿನಾ ಸಾಯಂಕಾಲ ಹೋದೆವು. ಒಂದು ತಿಂಗಳ ಮೇಲಾಯಿತು. ನಾನು ಬಗ್ಗಿ ನಡೆದೆ, ಓರೆಯಾಗಿ ನಡೆದೆ, ಮಂಡಿ ನೋವಿನಲ್ಲೂ ಒಂದೊಂದು ಸಲ ಓಡಿದೆ. ಅವಳ ಕೈಗೆ ನನ್ನ ಮೊಳ ಕೂತಿತು. ದೂರವೂ ಬಂತು, ತೆವರಿಯಿಂದ ನಾಲ್ಕನೇ ಗದ್ದೆಗೆ ಹೋಗುತ್ತಿತ್ತು. ಉಣ್ಣುವಾಗ ಮಿಸ್ಸಿನ ಮಾತು ಕಡಿಮೆಯಾಯಿತು. ನಾನು ಗೆದ್ದೆ ಎಂದುಕೊಂಡು ಮುದ್ದೆಗೆ ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕಿದೆ.

ಮಿಸ್ಸಿನ ಮಾತು ಯಾಕೆ ಕಡಿಮೆಯಾಯಿತೆಂದು ಗೊತ್ತಾದದ್ದು ಅವಳೇ ಸ್ಕೂಟರಿನಲ್ಲಿ ನಮ್ಮ ಮನೆಗೆ ಬಂದಾಗ. ಜಗುಲಿಯಲ್ಲಿ ಕೂರಿಸಿ ಕಾಫಿ ಕೊಟ್ಟೆ. ಮೊಮ್ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು.

"ಅಜ್ಜಿ, ಮನೇಲಿ ಇವಳಿಗೇನಾದ್ರೂ ತೊಂದರೆ ಇದೆಯಾ?"

"ಎಂಥ ತೊಂದ್ರೆ? ಉಣ್ಣಕ್ಕಿಲ್ವಾ, ಉಡಕ್ಕಿಲ್ವಾ?"

"ಹಾಗಲ್ಲ ಅಜ್ಜಿ. ಮೊದಲು ಚೆಂಡನ್ನ ಕೈಗೇ ಕೊಡ್ತಿದ್ದಳು. ಈಗ ಒಂದೂ ಕೈಗೆ ಸಿಗ್ತಿಲ್ಲ, ಎಲ್ಲಾ ಒಂದು ಮೊಳ ಆಚೆ. ಕಾಲು ನೋಡಿದೆ, ಭುಜ ನೋಡಿದೆ, ಎಲ್ಲಾ ಸರಿಯಾಗಿದೆ. ಕೇಳಿದ್ರೆ ಏನೂ ಹೇಳಲ್ಲ. ನನಗನ್ನಿಸುತ್ತೆ, ಕಣ್ಣಿನ ತೊಂದರೆ ಇರಬಹುದು. ಮಂಡ್ಯದಲ್ಲಿ ತೋರಿಸೋಣ. ಶನಿವಾರ ನಾನೇ ಕರ್ಕೊಂಡು ಹೋಗ್ತೀನಿ."

ಮೊಮ್ಮಗಳು ನನ್ನ ಕಡೆ ನೋಡಿದಳು. ಮಿಸ್ಸಿನ ಕಡೆ ಅಲ್ಲ, ನನ್ನ ಕಡೆ. ಒಂದು ಮಾತು ಸಾಕಿತ್ತು. ನಾನು ಸಾಯಂಕಾಲ ಹೇಳಿಕೊಡುತ್ತಿದ್ದೇನೆ ಕಣವ್ವ, ಅದಕ್ಕೇ ಹೀಗೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಮಿಸ್ಸಿನ ಲೋಟ ನೋಡುತ್ತಾ, "ಇನ್ನೊಸಿ ಕಾಫಿ ಬಿಡ್ಲಾ?" ಎಂದೆ.

ನನ್ನ ತಲೆಯಲ್ಲಿ ನಾನೇ ಒಂದು ನ್ಯಾಯ ಮಾಡಿಕೊಂಡಿದ್ದೆ. ಎಸೆಯುವವಳು ಜಾಗಕ್ಕೆ ಎಸೆಯುತ್ತಾಳೆ, ಎತ್ತಿಕೊಳ್ಳುವುದು ಎತ್ತಿಕೊಳ್ಳುವವಳ ಕೆಲಸ. ಓಡುವ ಹುಡುಗಿಯರಿಗೆ ಚುರುಕು ಸಾಲದು, ಮಿಸ್ಸು ಅವರನ್ನು ತಿದ್ದಲಿ.

ಶನಿವಾರ ಮೂವರೂ ಮಂಡ್ಯಕ್ಕೆ ಹೋದೆವು. ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸಿದ. ಅವಳು ಕೊನೆಯ ಸಾಲಿನ ಇರುವೆಯಂಥ ಅಕ್ಷರವನ್ನೂ ಗಡಗಡ ಓದಿದಳು. ಆದರೂ ಬಿಡದೆ ಕಣ್ಣಿಗೆ ಔಷಧಿ ಹನಿ ಬಿಟ್ಟು, ಬೆಂಚಿನ ಮೇಲೆ ಕೂರಿಸಿ, ಲೈಟು ಹಾಕಿ ಒಳಗೆಲ್ಲಾ ನೋಡಿದ. ಉರಿಯುತ್ತದೆ ಎಂದು ಅವಳು ಕಾಲು ಬಡಿದಳು. ಕಣ್ಣಲ್ಲಿ ನೀರು ಸುರಿಯಿತು. ಡಾಕ್ಟರು ಕಣ್ಣು ಹದ್ದಿನ ಹಾಗಿದೆ ಎಂದ.

ಹೊರಗೆ ಬಂದಾಗ ಮಧ್ಯಾಹ್ನದ ಬಿಸಿಲು. ಆ ಔಷಧಿ ಬಿಟ್ಟರೆ ಬೆಳಕು ಚುಚ್ಚುತ್ತದೆ, ಹತ್ತಿರದ್ದು ಮಂಜುಮಂಜಾಗಿ ಕಾಣುತ್ತದೆ. ಮೆಟ್ಟಿಲಿಳಿಯುವಾಗ ಅವಳಿಗೊಂದು ಕೈ ಬೇಕಾಯಿತು. ಅವಳ ಎಡಕ್ಕೆ ನಾನಿದ್ದೆ, ಬಲಕ್ಕೆ ಮಿಸ್ಸು. ನಿಜ ಹೇಳುತ್ತೇನೆ, ಆ ಮೆಟ್ಟಿಲ ಮೇಲೆ ಬಾಯಿ ಬಿಡಬೇಕೆಂದೇ ಇದ್ದೆ. ಹುಡುಗಿಯ ಕಣ್ಣೀರು ನೋಡಿ ನನ್ನ ನ್ಯಾಯವೆಲ್ಲಾ ಸಡಿಲವಾಗಿತ್ತು. "ನೋಡವ್ವಾ" ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಬಲಗೈ ಚಾಚಿ ಮಿಸ್ಸಿನ ಕೈ ಹಿಡಿದುಕೊಂಡಳು.

"ಏನಜ್ಜಿ?" ಎಂದಳು ಮಿಸ್ಸು.

"ಏನಿಲ್ಲ, ಬಸ್ಸಿಗೆ ಒತ್ತಾಯ್ತದೆ" ಎಂದೆ.

ಅವರಿಬ್ಬರೂ ಕೈ ಹಿಡಿದುಕೊಂಡು ಮುಂದೆ ನಡೆದರು. ನಾನು ಹಿಂದೆ ಚೀಲ ಹಿಡಿದುಕೊಂಡು ಹೋದೆ. ಬಸ್‌ಸ್ಟ್ಯಾಂಡಿನವರೆಗೂ ಆ ಎರಡು ಕೈ ನೋಡುತ್ತಲೇ ಹೋದೆ.

ಅದರ ಮುಂದಿನ ವಾರದ ಭಾನುವಾರ ಮದ್ದೂರಿನಲ್ಲಿ ಒಂದು ಕಾಲೇಜಿನ ಮೈದಾನದಲ್ಲಿ ಪಂದ್ಯ ಇತ್ತು, ಅಲ್ಲಿಯ ಹುಡುಗಿಯರ ಮೇಲೆ. ಹತ್ತು ದಿನ ಬಿಟ್ಟರೆ ಮಂಡ್ಯದಲ್ಲಿ ಜಿಲ್ಲೆಯ ಆಟ. ಅಲ್ಲಿಗೆ ಎಸೆಯುವವಳಾಗಿ ಇಬ್ಬರಲ್ಲಿ ಯಾರು ಎಂಬುದನ್ನು ಮದ್ದೂರಿನ ಆಟ ನೋಡಿ ಮಿಸ್ಸು ಹೇಳುತ್ತಾಳೆ ಎಂದಾಗಿತ್ತು. ಮೊಮ್ಮಗಳು ಹಿಂದಿನ ದಿನ ಎರಡು ಸಲ ಶೂ ತೊಳೆದಿದ್ದಳು. ಅನ್ನ ಸರಿಯಾಗಿ ಸೇರಲಿಲ್ಲ.

ಮಕ್ಕಳ ಕಡೆಯವರೆಲ್ಲಾ ಕಲ್ಲಿನ ಮೆಟ್ಟಿಲ ಮೇಲೆ ಕೂತಿದ್ದೆವು. ಮೊದಲರ್ಧ ನನ್ನ ಮೊಮ್ಮಗಳಿಗೆ, ಎರಡನೆಯ ಅರ್ಧ ಕಿರುಗಾವಲಿನವಳಿಗೆ. ಪೀಪಿ ಊದಿದರು. ಮೊಮ್ಮಗಳು ಮೂರು ಹೆಜ್ಜೆ ಹಿಂದಕ್ಕಿಟ್ಟಳು, ಭುಜ ತಿರುಗಿಸಿದಳು, ಎಸೆದಳು. ಚೆಂಡು ಮೇಲೆ ಹೋದ ಚೆಂದ ಹೇಳಲಾರೆ. ಪಕ್ಕದಲ್ಲಿ ಕೂತಿದ್ದ ಮದ್ದೂರಿನ ಹೆಂಗಸು "ಅಬ್ಬಬ್ಬಾ" ಎಂದಳು. ಓಡುತ್ತಿದ್ದವಳು ಕೈ ಚಾಚಿದಳು. ಚೆಂಡು ಬೆರಳಿಗೂ ತಾಕದೆ ಆಚೆ ಬಿತ್ತು.

ಎರಡನೆಯದೂ ಹಾಗೇ. ಮೂರನೆಯದೂ ಹಾಗೇ.

ಗದ್ದೆಯಲ್ಲಿ ನಾನು ಯಾವಾಗಲೂ ಚೆಂಡು ಬೀಳುವ ಕಡೆಯಲ್ಲಿದ್ದೆ, ನಡೆಯುವವಳೂ ನಾನೇ ಆಗಿದ್ದೆ. ಬಿದ್ದ ಚೆಂಡನ್ನು ಬಗ್ಗಿ ಎತ್ತಿಕೊಳ್ಳುತ್ತಿದ್ದೆ. ಪಕ್ಕದಿಂದ ನೋಡಿದ್ದು ಅವತ್ತೇ ಮೊದಲು. ಪಕ್ಕದಿಂದ ನೋಡಿದರೆ ಗೊತ್ತಾಯಿತು. ಓಡುವವಳಿಗೂ ಚೆಂಡಿಗೂ ನಡುವೆ ಒಂದು ಜಾಗವಿತ್ತು, ಪ್ರತಿಸಲವೂ ಅಷ್ಟೇ ಅಗಲ. ಬಗ್ಗಿ ನೆಡುವ ಹೆಂಗಸಿನ ಬೆನ್ನಿಗೆ ಪೆಟ್ಟಾಗದಿರಲಿ ಎಂದು ಬಿಡುವ ಜಾಗ ಅದು. ಇಲ್ಲಿ ಬಗ್ಗಿದವಳು ಯಾರೂ ಇರಲಿಲ್ಲ. ಎಲ್ಲರೂ ಎರಡು ಕೈ ಚಾಚಿಕೊಂಡು ಕೊಡು ಕೊಡು ಎಂದು ಓಡುತ್ತಿದ್ದರು. ಪೈರಿನ ಕಟ್ಟು ಬಿದ್ದಲ್ಲಿ ಕಾಯುತ್ತದೆ. ಈ ಆಟದಲ್ಲಿ ಚೆಂಡು ನೆಲಕ್ಕೆ ಬಿದ್ದರೆ ಸತ್ತ ಹಾಗೆ.

ನಾಲ್ಕನೆಯದಕ್ಕೆ ಓಡುವ ಹುಡುಗಿ ಹೇಗಾದರೂ ಹಿಡಿಯುತ್ತೇನೆಂದು ಹಾರಿ ಬಿದ್ದಳು. ಗಲ್ಲದ ಚರ್ಮ ಕಿತ್ತುಹೋಯಿತು. ಮಿಸ್ಸು ಓಡಿಹೋಗಿ ನೀರು ಹಾಕಿ ತೊಳೆದಳು. ನನ್ನ ಮೊಮ್ಮಗಳು ಇದ್ದಲ್ಲೇ ನಿಂತು ತನ್ನ ಕೈ ನೋಡಿಕೊಂಡಳು.

ಪಕ್ಕದ ಹೆಂಗಸು ಕೇಳಿದಳು. "ಆ ಎಸಿಯೋಳು ನಿಮ್ಮವ್ಳಾ?"

"ಊಂ."

"ಕೈಯಲ್ಲಿ ಎಂಥ ಕಸುವು ಕಣಜ್ಜಿ. ಆದ್ರೆ ಒಬ್ರ ಕೈಗೂ ಸಿಕ್ತಾ ಇಲ್ವಲ್ಲ. ಯಾರು ಕಲ್ಸಿದ್ದು?"

ಅಷ್ಟು ದಿನದಿಂದ ಯಾರಾದರೂ ಅದನ್ನು ಕೇಳಲಿ ಎಂದು ಕಾದಿದ್ದವಳು ನಾನು. ನಾನೇ ಎಂದು ಹೇಳಲು ಮಾತೂ ಜೋಡಿಸಿಟ್ಟುಕೊಂಡಿದ್ದೆ.

"ಅಗೋ, ಆ ಮಿಸ್ಸು" ಎಂದೆ.

ಎರಡನೆಯ ಅರ್ಧದಲ್ಲಿ ಕಿರುಗಾವಲಿನವಳು ಬಂದಳು. ಅವಳ ಕೈ ದೂರ ಹೋಗುವುದಿಲ್ಲ. ಹತ್ತು ಮಾರು, ಹದಿನೈದು ಮಾರು, ಅಷ್ಟೇ. ಆದರೆ ಎದೆಯ ಹತ್ತಿರಕ್ಕೆ, ಪಾತ್ರೆ ಕೈಗಿತ್ತ ಹಾಗೆ. ಹಿಡಿದರು, ಓಡಿದರು, ಪಾಯಿಂಟು ಬಂತು. ಅವಳ ಮೇಲೂ ನನಗೆ ಹೊಟ್ಟೆ ಉರಿಯಿತು. ಇಲ್ಲ ಎಂದು ಯಾಕೆ ಹೇಳಲಿ.

ಆಟ ಮುಗಿದ ಮೇಲೆ ಮಿಸ್ಸು ಎಲ್ಲರನ್ನೂ ಸುತ್ತ ಕೂರಿಸಿಕೊಂಡು, ಮಂಡ್ಯಕ್ಕೆ ಎಸೆಯುವವಳು ಕಿರುಗಾವಲಿನ ಹುಡುಗಿ ಎಂದಳು. ನನ್ನ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಏನೋ ಹೇಳಿದಳು. ಇವಳು ತಲೆ ಅಲ್ಲಾಡಿಸಿದಳು. ಮಂಡ್ಯಕ್ಕೆ ಹೋಗುವವರ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಓಡುವವರಲ್ಲಿ ಅವಳಿಗಿಂತ ಚುರುಕಿನವರಿದ್ದರು.

ಮಳವಳ್ಳಿಗೆ ಬಸ್ಸಿನಲ್ಲಿ ಬಂದೆವು. ಅವಳು ಕಿಟಕಿಗೆ, ನಾನು ಪಕ್ಕಕ್ಕೆ. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಊರು ದಾಟಿ ಗದ್ದೆಬಯಲು ಬಂದಾಗ ಮಾತಾಡಿದಳು.

"ನೀ ಏಳ್ದಂಗೇ ಎಸ್ದೆ ಕಣಜ್ಜಿ. ಒಂದೂ ಮೈಗೆ ತಾಕ್ಸಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಎರಡು ಬೈದು ಹಗುರ ಮಾಡಿಕೊಳ್ಳುತ್ತಿದ್ದೆ.

"ಗೊತ್ತು ಕಣವ್ವ. ನೋಡ್ದೆ."

"ಮಿಸ್ಸು ಎದೆಗೆ ಎಸಿ ಅಂದಾಗೆಲ್ಲ ಎಸಿಯಾಕೇ ಓಯ್ತೀನಿ. ಕೈ ಕೇಳಾಕಿಲ್ಲ. ನಿಂಗೆ ಪೆಟ್ಟಾಯ್ತದೆ ಅನ್ಸ್ತದೆ."

ನಾನು ಟಿಕೆಟ್ಟನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡೆ.

"ಮಿಸ್ಸಿಗೆ ಏಳ್ಬುಡ್ಲಾ ಅಜ್ಜಿ, ನೀ ಏಳ್ಕೊಟ್ಟಿದ್ದು ಅಂತ?"

"ಬ್ಯಾಡ."

"ಯಾಕೆ?"

"ನೀ ಏಳಿದ್ರೆ ಚಾಡಿ ಆಯ್ತದೆ. ಸುಮ್ಕಿರು."

ಅವಳು ತಿರುಗಿ ಕಿಟಕಿಗೆ ಹಣೆ ಒತ್ತಿಕೊಂಡಳು. ಮನೆಗೆ ಬಂದವಳೇ ಚೆಂಡನ್ನು ಚೀಲಕ್ಕೆ ಹಾಕಿ, ಇದು ಸ್ಕೂಲಿನದು, ವಾಪಸ್ಸು ಕೊಟ್ಟುಬಿಡಬೇಕು, ಇನ್ನು ನಾನು ಗ್ರೌಂಡಿಗೆ ಹೋಗುವುದಿಲ್ಲ ಎಂದಳು. ಅವಳಮ್ಮ ಯಾಕೆ ಎಂದು ಕೇಳಿದ್ದಕ್ಕೆ ಇಷ್ಟವಿಲ್ಲ ಎಂದಳು. ಸೊಸೆ, "ಒಳ್ಳೇದಾಯ್ತು ಬುಡು, ಓದ್ಕೊ" ಎಂದಳು. ನಾನು ಒಲೆಯ ಮುಂದೆ ಕೂತು ಎಲ್ಲಾ ಕೇಳಿಸಿಕೊಂಡೆ.

ಮಾರನೇ ಬೆಳಗ್ಗೆ ಕೋಳಿ ಕೂಗುವ ಹೊತ್ತಿಗೆ ಎದ್ದೆ. ಮೊಮ್ಮಗಳು ಮಲಗಿದ್ದಳು. ಚೀಲದಿಂದ ಚೆಂಡು ತೆಗೆದು ಸೆರಗಿನಲ್ಲಿ ಸುತ್ತಿಕೊಂಡು ಮೊದಲನೇ ಬಸ್ಸಿಗೆ ಮಳವಳ್ಳಿಗೆ ಹೋದೆ. ಕಂಡಕ್ಟರು, "ಏನಜ್ಜಿ, ಕುಂಬಳಕಾಯಾ?" ಎಂದ. "ಊಂ, ನಿಂಗೆ ಪಲ್ಯಕ್ಕೆ ಬೇಕೇನ್ಲಾ?" ಎಂದೆ.

ಮೈದಾನದಲ್ಲಿ ಮಿಸ್ಸು ಆಗಲೇ ಬಂದಿದ್ದಳು. ಕಿರುಗಾವಲಿನ ಹುಡುಗಿ ಒಬ್ಬಳೇ ಬಲೆಗೆ ಚೆಂಡು ಎಸೆಯುತ್ತಿದ್ದಳು. ನಾನು ನೇರ ಮಿಸ್ಸಿನ ಹತ್ತಿರ ಹೋಗಿ ಚೆಂಡನ್ನು ಕೈಗೆ ಕೊಟ್ಟು ಹೇಳಿದೆ.

"ಮೊಳ ಆಚೆ ಎಸಿಯಾದು ನಾ ಕಲ್ಸಿದ್ದು ಕಣವ್ವ. ದಿನಾ ಸಾಯಂಕಾಲ ಗದ್ದೇಲಿ. ಅವಳ್ದೇನೂ ತಪ್ಪಿಲ್ಲ."

ಪೈರಿನ ಕಟ್ಟು, ಬೆನ್ನು, ಗದ್ದೆಗಿಳಿಸುವ ಕಟ್ಟಳೆ, ಎಲ್ಲಾ ಹೇಳಿದೆ. ಅವಳು ಚೆಂಡನ್ನು ತಿರುಗಿಸುತ್ತಾ ಕೇಳಿದಳು. ಮುಖ ಕೆಂಪಾಯಿತು.

"ಕಣ್ಣಿಗೆ ಔಷಧಿ ಬಿಡಿಸಿದೆವಲ್ಲ ಅಜ್ಜಿ. ಉರಿ ಅಂತ ಅಳ್ತಿದ್ದಳು. ಆಗಲೂ ಹೇಳಲಿಲ್ವಲ್ಲ ನೀವು."

"ಇಲ್ಲ."

"ಯಾಕೆ?"

"ನಿನ್ ಮ್ಯಾಲೆ ಒಟ್ಟೆಕಿಚ್ಚು."

ಅವಳು ನಗಲಿಲ್ಲ. ನಕ್ಕಿದ್ದರೆ ನಾನು ತಿರುಗಿ ಬಂದುಬಿಡುತ್ತಿದ್ದೆ. ಆ ಕಿರುಗಾವಲಿನ ಹುಡುಗಿಯ ಕಡೆ ನೋಡಿದಳು.

"ಅವಳಿಗೆ ಹೇಳಿಯಾಗಿದೆ. ಅವಳ ಜಾಗ ನಾನು ಕಿತ್ಕೊಳ್ಳಲ್ಲ. ಅವಳೇನು ತಪ್ಪು ಮಾಡಿದ್ಲು?"

"ನಾ ಅದ್ನ ಕೇಳಾಕೆ ಬಂದಿಲ್ಲ" ಎಂದೆ. ಸುಳ್ಳು. ಅದನ್ನೇ ಕೇಳಲು ಬಂದಿದ್ದೆ.

"ಪಟ್ಟಿ ಹತ್ತು ಗಂಟೆಗೆ ಕಳಿಸ್ತೀನಿ. ಎರಡನೆಯವಳು ಅಂತ ನಿಮ್ಮ ಮೊಮ್ಮಗಳ ಹೆಸರು ಸೇರಿಸ್ತೀನಿ. ಇವಳಿಗೆ ಏನಾದ್ರೂ ಆದ್ರೆ ಅವಳು ಇಳೀತಾಳೆ, ಇಲ್ಲದಿದ್ರೆ ಹೊರಗೆ ಕೂತಿರಬೇಕು. ಕೈ ಸರಿಹೋದ್ರೆ ಮುಂದಿನ ವರ್ಷ ನೋಡೋಣ. ಆದ್ರೆ ಒಂದು ಮಾತು ಅಜ್ಜಿ. ಇನ್ನು ಮೇಲೆ ನೀವು ಅವಳಿಗೆ ಏನೂ ಹೇಳಿಕೊಡಬಾರದು. ಚೆಂಡು ಮನೆಗೂ ಬರಲ್ಲ."

ಮೊಮ್ಮಗಳ ಕೈಯಲ್ಲಿ ನನ್ನದೆಂಬುದು ಆ ಮೊಳ ಒಂದೇ. ಅದನ್ನು ತೆಗೆದುಹಾಕುವವಳೂ ಇವಳೇ.

"ಆಯ್ತು" ಎಂದೆ.

ಎಂಟರ ಹೊತ್ತಿಗೆ ಮನೆಗೆ ಬಂದೆ. ಮೊಮ್ಮಗಳು ಎದ್ದು ಜಗುಲಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಖಾಲಿ ಚೀಲ ಪಕ್ಕದಲ್ಲಿತ್ತು.

"ಎಲ್ಲಿಗೋಗಿದ್ದೆ ಅಜ್ಜಿ? ಚೆಂಡೆಲ್ಲಿ?"

"ನಿಮ್ ಮಿಸ್ಸಿಗೆ ಕೊಟ್ಬಂದೆ. ನಾ ಕಲ್ಸಿದ್ದು ಅಂತ ಏಳ್ದೆ. ಎರಡನೇವ್ಳು ಅಂತ ನಿನ್ ಎಸ್ರು ಬರ್ದವ್ರೆ. ಸಾಯಂಕಾಲ ನಾಕಕ್ಕೆ ಗ್ರೌಂಡಿಗೆ ಬರ್ಬೇಕಂತೆ."

ಅವಳು ಚೀಲ ಎತ್ತಿ ಮಡಿಲಿಗಿಟ್ಟುಕೊಂಡಳು. "ಬೈದ್ರಾ?"

"ಬೈಲಿಲ್ಲ. ಎದೆಗೆ ಎಸಿ ಅಂದ್ರೆ ಎದೆಗೇ ಎಸಿ. ಅಲ್ಲಿ ನಾನಿರಾಕಿಲ್ಲ. ತಿರುಗು ಅತ್ಲಾಗೆ, ಜಡೆ ಆಕ್ತೀನಿ."

ತಿರುಗಿ ಕೂತಳು. ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹೆಣೆದೆ. ಸಿಕ್ಕು ಎಳೆದಾಗ ಅಮ್ಮಾ ಎಂದಳು, ಸುಮ್ಕಿರು ಎಂದೆ. ಶೂವಿನ ದಾರ ಅವಳೇ ಕಟ್ಟಿಕೊಂಡಳು. ರಸ್ತೆಯವರೆಗೆ ಹೋಗಿ ಎಂಟೂಮುಕ್ಕಾಲರ ಬಸ್ಸು ಹತ್ತಿಸಿದೆ. ಮೆಟ್ಟಿಲ ಮೇಲೆ ನಿಂತು, "ಸಾಯಂಕಾಲ ನೋಡಾಕೆ ಬತ್ತೀಯಾ ಅಜ್ಜಿ?" ಎಂದಳು.

"ಇಲ್ಲ ಕಣೆ" ಎಂದೆ.

ಬಸ್ಸು ಹೋಯಿತು. ನಾನು ಕುಡುಗೋಲು ತೆಗೆದುಕೊಂಡು ಹಸುವಿಗೆ ಹುಲ್ಲು ಕೊಯ್ಯಲು ನಾಲೆಯ ಏರಿಗೆ ಹೋದೆ.